‘ರಿ’ ಬಿಡಿಸುವ ಹನ್ನೆರಡು ದಿನ

ಮಟಕಿ ಹಳ್ಳಿಯ ಕಸ್ತೂರಿಬಾಯಿ ಸ್ಟೀಲಿನ ತಾಟು, ಚಮಚ ಹಿಡಿದು ಮಗಳ ಎದುರು ಕೂತದ್ದು ಊಟಕ್ಕಲ್ಲ. ಮಗಳು ಜಸ್ಮೀನಳ ಇಂಗ್ಲಿಷಿನೊಳಗೆ ಹೊಕ್ಕು ಕೂತಿದ್ದ ‘ರಿ’ಯನ್ನು ಬಡಿದು ಓಡಿಸಲಿಕ್ಕೆ. ಅದಕ್ಕೆ ಇದ್ದ ವೇಳೆ ಬರೀ ಹನ್ನೆರಡು ದಿನ.

ಜಸ್ಮೀನ ಆಳಂದದ ಒಂದು ಶಾಲೆಯಲ್ಲಿ ನಾಲ್ಕು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಳು. ರವಿವಾರ ಊರ ಚರ್ಚಿನಲ್ಲಿ ಮಕ್ಕಳಿಗೆ ಸಂಡೆ ಸ್ಕೂಲು. ಅವಳಿಗೇ ಎಬಿಸಿಡಿ ಕಲಿಸಿದವರು ಎಲ್ಲಿಯೋ ದೂರದ ನಾಡಿನಿಂದ ಬಂದು ಮೂರು ವರ್ಷ ಊರಲ್ಲಿದ್ದ ಒಬ್ಬ ಟೀಚರಮ್ಮ. ಅವರು ಹೊರಟ ದಿನ ಹತ್ತು ವರ್ಷದ ಜಸ್ಮೀನ, ತಾನೂ ಹೀಗೇ ಯಾರದೋ ಊರಿಗೆ ಹೋಗಿ ಕಲಿಸುತ್ತೇನೆ ಎಂದು ದೇವರಿಗೆ ಮಾತು ಕೊಟ್ಟಿದ್ದಳು. ಈಗ ಥೈಲ್ಯಾಂಡಿನ ಗುಡ್ಡದ ಹಳ್ಳಿಯೊಂದರ ಚರ್ಚು ನಡೆಸುವ ಶಾಲೆಗೆ ಇಂಗ್ಲಿಷ್ ಟೀಚರು ಬೇಕು, ಎರಡು ವರ್ಷದ ಸೇವೆ ಎಂದು ಊರ ಚರ್ಚಿನ ಸಭೆಯಲ್ಲಿ ಓದಿ ಹೇಳಿದ್ದೇ ತಡ, ಹುಡುಗಿಗೆ ಹಸಿವೂ ಇಲ್ಲ, ನಿದ್ದೆಯೂ ಇಲ್ಲ. ಅರ್ಜಿ ಹಾಕಿದಳು. ಹಾಕಿದವರಲ್ಲಿ ಕೊನೆಗೆ ಉಳಿದವರು ಇಬ್ಬರು: ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಒಬ್ಬಾಕೆ, ಮತ್ತು ನಮ್ಮ ಜಸ್ಮೀನ.

ಆಗ ಟೀಚರನ್ನು ಆರಿಸಿ ಕಳಿಸುವ ಕಲಬುರಗಿಯ ಮಿಷನ್ ಆಫೀಸಿನಿಂದ ಅನೀಲಕುಮಾರ ಸರ್ ಫೋನ್ ಮಾಡಿದರು. “ನೋಡಮ್ಮ, ನಿನ್ನ ಗ್ರಾಮರ್ ಛಲೋ ಅದ. ಆದ್ರ ಈ ‘ಯೆಸ್‌ರಿ’, ‘ನೋರಿ’, ‘ಥ್ಯಾಂಕ್ಯೂರಿ’ ಏನಿದು? ಹುಡುಗ್ರು ಅದನ್ನೇ ಕಲೀತಾವ. ಹನ್ನೆರಡನೇ ದಿನಕ್ಕ ಅಲ್ಲಿನ ಮಕ್ಕಳಿಗಿ ವೀಡಿಯೋದಾಗ ಒಂದು ಪಾಠ ಮಾಡ್ಬೇಕು. ಅದ್ರಾಗ ಒಂದು ‘ರಿ’ ಬಂತಂದ್ರ, ನನ್ನ ಕೈಯಾಗ ಏನೂ ಉಳಿಯಲ್ಲ.”

“ಆಯ್ತ್‌ರಿ ಸರ್. ಇನ್ನ ಮ್ಯಾಲ ಬರಲ್ರಿ,” ಎಂದಳು ಜಸ್ಮೀನ. ಆ ಕಡೆಯಿಂದ ಬರೀ ನಿಟ್ಟುಸಿರು ಕೇಳಿತು.

ಹಾಗೆ ಶುರುವಾಯಿತು ನೋಡಿ ತಾಟಿನ ಸೇವೆ. ಕಸ್ತೂರಿಬಾಯಿಗೆ ಇಂಗ್ಲಿಷಿನ ಗಂಧಗಾಳಿ ಇಲ್ಲ. ಆದರೆ ‘ರಿ’ ಎಲ್ಲಿದ್ದರೂ ಆಕೆಯ ಕಿವಿಗೆ ಬೀಳದೆ ಹೋಗುತ್ತದೆಯೇ? ಮಗಳು “ಪ್ಲೀಸ್ ಕಮ್‌ರಿ” ಎಂದರೆ ಠಣ್! “ಓಪನ್ ಯುವರ್ ಬುಕ್‌ರಿ” ಎಂದರೆ ಠಣ್! ಮೊದಲನೆಯ ದಿನ ಆ ತಾಟಿಗೆ ಬಿಡುವೇ ಸಿಗಲಿಲ್ಲ. ಆರನೆಯ ದಿನಕ್ಕೆ ಸಪ್ಪಳ ಅಲ್ಲೊಂದು ಇಲ್ಲೊಂದು. ಒಂಬತ್ತನೆಯ ದಿನ ಪೂರ್ತಿ ಒಂದು ತಾಸು ಠಣ್ ಎನ್ನಲಿಲ್ಲ. ಜಸ್ಮೀನ ಖುಷಿಯಲ್ಲಿ ಅವ್ವನನ್ನು ಎತ್ತಿ ಗಿರಗಿರ ತಿರುಗಿಸಿಬಿಟ್ಟಳು.

ಅಷ್ಟರಲ್ಲಿ ಪಕ್ಕದ ಮನೆಯ ಶಿವಕಾಂತಾ ಬಾಗಿಲಿಗೆ ಬಂದಳು. ವಯಸ್ಸಿನಲ್ಲಿ ಕಸ್ತೂರಿಬಾಯಿಗಿಂತ ಹಿರಿಯಳು. “ಏನ್ರಬೇ, ದಿನಾ ತಾಟು ಬಡಿಯಾಕತ್ತೀರಿ? ಏನರ ಫಂಕ್ಷನ್ ಅದ ಏನು?”

“ಏನೂ ಇಲ್ಲ. ಕುಂದ್ರು. ಚಹಾ ಕುಡಿ,” ಎಂದಳು ಜಸ್ಮೀನ.

ಶಿವಕಾಂತಾಳ ಮುಖ ಸಣ್ಣದಾಯಿತು. ಆಕೆ ಕೂರಲಿಲ್ಲ. “ಆಗ್ಲಿ ತಾಯಿ. ವಿಮಾನ ಇನ್ನಾ ಹತ್ತೇ ಇಲ್ಲ, ಆಗ್ಲೇ ನಾವು ‘ಕುಂದ್ರು’ ಆದೆವು,” ಎಂದು ಸೆರಗು ಹೊದ್ದು ಹೊರಟೇಬಿಟ್ಟಳು. ಜಸ್ಮೀನ ಬರಿಗಾಲಲ್ಲಿ ಅವಳ ಹಿಂದೆ ಓಡಿ, “ತಪ್ಪಾಯ್ತ್‌ರಿ ಕಾಕಿ, ಬಾಯಿ ತಪ್ಪಿತ್ರಿ, ಬರ್ರಿ, ಕುಂದರ್ರಿ,” ಎಂದು ಕೈ ಹಿಡಿದು ಎಳೆದು ತಂದಳು. ಅವತ್ತು ಕಸ್ತೂರಿಬಾಯಿ ಚಮಚವನ್ನೇ ಮಗಳ ಮೂಗಿನ ತುದಿಗೆ ಹಿಡಿದಳು. “ಇಂಗ್ಲೀಷಿನಾಗ ಬಿಡು. ಕನ್ನಡದಾಗ ಬಿಟ್ಟೆಂದ್ರ ಈ ಚಮಚ ನಿನ್ನ ತಲಿ ಮ್ಯಾಗೇ ಬೀಳ್ತದ.”

ಈ ಕಸ್ತೂರಿಬಾಯಿಯದೂ ಒಂದು ಕಥೆಯಿತ್ತು. ಆಕೆ ದೇವರಿಗೂ ‘ರಿ’ ಹಚ್ಚಿಯೇ ಮಾತಾಡುವವಳು. ಚರ್ಚಿನಲ್ಲಿ ಎಲ್ಲರೂ “ಕರ್ತನೇ, ನೀನು ಬಾ” ಎಂದರೆ ಈಕೆ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಕಣ್ಣು ಮುಚ್ಚಿ, “ಬರ್ರಿ ಯೇಸಪ್ಪ, ನಮ್ಮ ಮನ್ಯಾಗ ಕುಂದರ್ರಿ,” ಎನ್ನುತ್ತಿದ್ದಳು. ಪಾಸ್ಟರ್ ಸಾಹೇಬರು ‘ನೀನು’ ಅಂತಾರಲ್ಲ ಎಂದು ಮಗಳು ಒಮ್ಮೆ ಕಾಡಿಸಿದ್ದಳು. “ಅವರು ಓದಿದವರು, ಅವರಿಗಿ ದೇವ್ರ ಸಂಗಡ ಸಲಿಗಿ ಅದ. ನನಗ ಅಷ್ಟು ಸಲಿಗಿ ಇಲ್ಲವ್ವ,” ಎಂದಿದ್ದಳು ಕಸ್ತೂರಿಬಾಯಿ.

ಹನ್ನೆರಡನೆಯ ದಿನ ಬಂತು. ಮಟಕಿಯಲ್ಲಿ ನೆಟ್‌ವರ್ಕ್ ಒಮ್ಮೆ ಬಂದರೆ ಹತ್ತು ಸಲ ಹೋಗುತ್ತದೆಂದು ತಾಯಿ ಮಗಳು ಬೆಳಿಗ್ಗೆ ಮೊದಲ ಬಸ್ಸಿಗೇ ಆಳಂದಕ್ಕೆ ಬಂದರು. ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಗೌಸಮೊಹಿದ್ದೀನನ ಕಂಪ್ಯೂಟರ್ ಅಂಗಡಿ. ಅವನಿಗೆ ಇವರಿಗಿಂತ ಹೆಚ್ಚು ಗಡಿಬಿಡಿ. ಪಹಣಿ ತೆಗೆಸಲು ಬಂದವರನ್ನೆಲ್ಲ, “ಆಜ್ ಬಂದ್ ಅದರಿ, ಹಮಾರೀ ಬೇಟಿ ಫಾರಿನ್‌ಗೆ ಪಾಠ ಮಾಡಾಕತ್ತಾಳ,” ಎಂದು ಹೊರಗೆ ಕಳಿಸಿದ. ಜಸ್ಮೀನಳ ಕುರ್ಚಿಯ ಹಿಂದೆ ಹೊಸ ಚಾದರ ಕಟ್ಟಿದ. ಫ್ಯಾನು ಕರಕರ ಎನ್ನುತ್ತದೆಂದು ಅದನ್ನೂ ಆರಿಸಿ, ತಾನು ಬೆವರು ಒರೆಸಿಕೊಳ್ಳುತ್ತ ನಿಂತ. ಕಸ್ತೂರಿಬಾಯಿಯನ್ನು ಚಾದರದ ಹಿಂದೆ, ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಕೈಗೊಂದು ಚಹಾದ ಸ್ಟೀಲ್ ಗ್ಲಾಸು, ಚಮಚ ಕೊಟ್ಟ. ಪಾಪ, ಅವನಿಗೇನು ಗೊತ್ತು!

ಪರದೆ ಬೆಳಗಿತು. ಅಬ್ಬಾ, ಹದಿನಾಲ್ಕು ಮಕ್ಕಳು! ಬಿದಿರಿನ ಗೋಡೆ, ಮರದ ಬೆಂಚು, ಎಣ್ಣೆ ಹಚ್ಚಿ ಬಾಚಿದ ತಲೆಗಳು. ಪಕ್ಕದಲ್ಲಿ ಆ ಶಾಲೆಯ ಥಾಯ್ ಮುಖ್ಯ ಉಪಾಧ್ಯಾಯಿನಿ ಸುದಾ, ನಗು ಇಲ್ಲದ ಮುಖ. ಕೆಳಗಿನ ಚೌಕದಲ್ಲಿ ಕಲಬುರಗಿಯಿಂದ ಅನೀಲಕುಮಾರ ಸರ್. ಜಸ್ಮೀನ ಪಾಠ ಶುರು ಮಾಡಿದಳು. ಪಾಠದ ಹೆಸರು ‘ಮನೆಗೆ ಬಂದ ಅತಿಥಿ’. ಕಮ್ ಇನ್. ಸಿಟ್ ಡೌನ್. ಡ್ರಿಂಕ್ ವಾಟರ್. ಅವಳು ಮಾಡಿ ತೋರಿಸಿದಳು, ಹೇಳಿ ತೋರಿಸಿದಳು, ಹಾಡಿ ತೋರಿಸಿದಳು. ಒಂದು ‘ರಿ’ಯೂ ಇಲ್ಲ. ಅನೀಲಕುಮಾರ ಸರ್ ತಲೆದೂಗುತ್ತಿದ್ದರು.

ಮಕ್ಕಳು ಮಾತ್ರ ತುಟಿ ಬಿಚ್ಚಲಿಲ್ಲ. ನೋಡುತ್ತಾರೆ, ನಗುತ್ತಾರೆ, ತಲೆ ತಗ್ಗಿಸುತ್ತಾರೆ. ಹತ್ತು ನಿಮಿಷ ಹೋಯಿತು, ಹದಿನೈದು ಹೋಯಿತು.

ಕೊನೆಗೆ ಜಸ್ಮೀನ ಒಬ್ಬ ಪುಟ್ಟ ಹುಡುಗಿಯನ್ನು ಅತಿಥಿಯಾಗಿ ಬರಲು ಕರೆದಳು. ಆ ಮಗು ಮೆಲ್ಲಗೆ ಕ್ಯಾಮೆರಾದ ಹತ್ತಿರ ಬಂತು. ಎರಡೂ ಕೈ ಎದೆಯ ಮುಂದೆ ಜೋಡಿಸಿ, ತಲೆ ಬಾಗಿಸಿ ನಮಸ್ಕಾರ ಮಾಡಿತು.

ಮುಗಿಯಿತು ಬಿಡಿ! ಬಾಗಿಲಲ್ಲಿ ಕೈ ಮುಗಿದು ನಿಂತವರನ್ನು ನಮ್ಮ ಕಡೆಯ ಹೆಣ್ಣುಮಗಳು ಹೇಗೆ ತಾನೇ ಬೋಳು ಬೋಳಾಗಿ ಕರೆದಾಳು? ಜಸ್ಮೀನಳ ಕೈಗಳೂ ತಾವಾಗಿ ಜೋಡಿಕೊಂಡವು, ಮುಖ ಅರಳಿತು: “ಕಮ್‌ರಿ, ಕಮ್‌ರಿ! ಸಿಟ್‌ರಿ!”

ಠಣ್! ಮೂಲೆಯಲ್ಲಿ ಗ್ಲಾಸು ಮೊಳಗಿತು. ಹನ್ನೆರಡು ದಿನದ ರೂಢಿ. ಕಸ್ತೂರಿಬಾಯಿಯ ಕೈ ತನ್ನಷ್ಟಕ್ಕೆ ತಾನೇ ಎದ್ದಿತ್ತು. ಚಹಾ ಸೀರೆಯ ಮೇಲೆ ಚೆಲ್ಲಿತು. ಅನೀಲಕುಮಾರ ಸರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಆದರೆ ಪರದೆಯಲ್ಲಿ ಆ ಪುಟ್ಟ ಮಗು ಕಣ್ಣು ಅರಳಿಸಿ, “ಕಮ್‌ರಿ!” ಎಂದಿತು. ಹಿಂದಿನ ಬೆಂಚಿನಿಂದ ಇನ್ನೊಬ್ಬ, “ಸಿಟ್‌ರಿ!” ನೋಡುನೋಡುತ್ತಿದ್ದಂತೆ ಹದಿನಾಲ್ಕೂ ಮಕ್ಕಳು ಎದ್ದು ನಿಂತು ಒಬ್ಬರಿಗೊಬ್ಬರು ಕೈ ಮುಗಿಯುತ್ತ, “ಕಮ್‌ರಿ! ಸಿಟ್ ಡೌನ್‌ರಿ! ಡ್ರಿಂಕ್ ವಾಟರ್‌ರಿ!” ಎಂದು ಕೂಗತೊಡಗಿದರು. ಬಿದಿರಿನ ಗೋಡೆ ಹಾರಿಹೋಗುವಷ್ಟು ಗದ್ದಲ.

ಜಸ್ಮೀನಳಿಗೆ ಅಳು ಬಂತು. “ಇಲ್ಲ ಮಕ್ಕಳೇ, ಅದು ಇಂಗ್ಲಿಷ್ ಅಲ್ಲ, ನನ್ನ ತಪ್ಪು, ಬರೀ ‘ಕಮ್’ ಅನ್ನಬೇಕು,” ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡಳು. ದೇವರಿಗೆ ಕೊಟ್ಟ ಮಾತು ಕಣ್ಣೆದುರೇ ನೀರುಪಾಲಾಗುತ್ತಿತ್ತು.

“ಏನದು ‘ರಿ’?” ಸುದಾ ಮೊದಲ ಸಲ ಬಾಯಿ ತೆರೆದು ಇಂಗ್ಲಿಷಿನಲ್ಲಿ ಕೇಳಿದರು.

ಜಸ್ಮೀನ ಸುಳ್ಳು ಹೇಳಲಿಲ್ಲ. “ಅದು ನಮ್ಮ ಊರಿನ ಮಾತು. ಎದುರಿಗಿದ್ದವರು ನನಗಿಂತ ದೊಡ್ಡವರು ಅಂತ ಒಪ್ಪಿಕೊಳ್ಳೋ ಮಾತು. ಅದಿಲ್ಲದಿದ್ದರೆ ಬಯ್ದ ಹಾಗೆ ಕೇಳುತ್ತದೆ. ಬಿಡಬೇಕೆಂದು ಬಹಳ ಕಷ್ಟಪಟ್ಟೆ, ಆಗಲಿಲ್ಲ.”

ಸುದಾ ನಕ್ಕರು. ಆ ಮುಖಕ್ಕೆ ನಗು ಬರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. “ನಮ್ಮಲ್ಲೂ ಇದೆ. ಹೆಂಗಸರು ಮಾತಿನ ಕೊನೆಗೆ ‘ಖಾ’ ಅನ್ನುತ್ತೇವೆ, ಗಂಡಸರು ‘ಖ್ರಾಪ್’. ಮಕ್ಕಳು ಇಂಗ್ಲಿಷಿಗೂ ಅದನ್ನು ಹಚ್ಚುತ್ತಿದ್ದರು. ಮೊದಲು ಬಂದ ಮೂವರು ಟೀಚರುಗಳು ಅದನ್ನು ಬಿಡಿಸಿದರು. ಅಂದಿನಿಂದ ಮಕ್ಕಳು ಇಂಗ್ಲಿಷಿನಲ್ಲಿ ಬಾಯಿಯೇ ತೆರೆಯಲಿಲ್ಲ. ದಡ್ಡರೆಂದುಕೊಂಡೆವು. ಈಗ ಗೊತ್ತಾಯಿತು, ಟೀಚರಿಗೆ ಮರ್ಯಾದೆ ಕೊಡದೆ ಮಾತಾಡಲು ಅವರಿಗೆ ನಾಚಿಕೆ!”

ಜಸ್ಮೀನಳಿಗೆ ಥಟ್ಟನೆ ಶಿವಕಾಂತಾ ಕಾಕಿಯ ಸಣ್ಣದಾದ ಮುಖ ನೆನಪಾಯಿತು.

“ಮೊದಲು ಮರ್ಯಾದೆ ಇಟ್ಟುಕೊಂಡೇ ಮಾತಾಡಲಿ,” ಎಂದರು ಸುದಾ. “ಎಲ್ಲಿ ಬಿಡಬೇಕು ಅಂತ ಆಮೇಲೆ ನೀವೇ ಕಲಿಸಿ. ಬಿಡುವ ಕಷ್ಟ ನಿಮಗೆ ಗೊತ್ತಿದೆಯಲ್ಲ. ಅನೀಲಕುಮಾರ ಅವರೇ, ನಮಗೆ ಇವರೇ ಬೇಕು. ಯಾವಾಗ ಕಳಿಸುತ್ತೀರಿ?”

ಅನೀಲಕುಮಾರ ಸರ್ ಬೆರಳ ಸಂದಿಯಿಂದ ಇಣುಕಿದರು. ಗೌಸಮೊಹಿದ್ದೀನ “ಮಾಶಾಲ್ಲಾ!” ಎಂದು ಕೂಗಿ ಫ್ಯಾನು ಹಚ್ಚಿದ. ಚಾದರ ಪಟಪಟ ಹಾರಿತು. ಅದರ ಹಿಂದಿನ ಮೂಲೆಯಲ್ಲಿ ಚಹಾ ಚೆಲ್ಲಿಕೊಂಡು ಕೂತಿದ್ದ ಕಸ್ತೂರಿಬಾಯಿ ಎಲ್ಲರಿಗೂ ಕಾಣಿಸಿದಳು.

ಮಿಷನ್ನಿನ ಯಾವ ಮೀಟಿಂಗೂ ಪ್ರಾರ್ಥನೆಯಿಲ್ಲದೆ ಮುಗಿಯುವುದಿಲ್ಲ. “ಅವ್ವಾರೇ ಮಾಡ್ಲಿ,” ಎಂದರು ಅನೀಲಕುಮಾರ ಸರ್. ಕಸ್ತೂರಿಬಾಯಿ ಗ್ಲಾಸು ಕೆಳಗಿಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದಳು. “ಯೇಸಪ್ಪ, ಭಾಳ ಉಪಕಾರ ಆಯ್ತ್‌ರಿ. ಆ ಕೂಸುಗಳ ಸಂಗಡ ಇರ್ರಿ. ನನ್ನ ಮಗಳ ಮುಂದ ಮುಂದ ನೀವು ನಡೀರಿ. ಆಮೆನ್.”

ಆ ಪುಟ್ಟ ಮಗುವಿಗೆ ಏನೋ ಕೊರತೆ ಕಂಡಿರಬೇಕು. ಕೈ ಜೋಡಿಸಿ ಗಟ್ಟಿಯಾಗಿ, “ಆಮೆನ್‌ರಿ!” ಎಂದಿತು. ಹದಿನಾಲ್ಕೂ ದನಿ ಸೇರಿದವು.

ಜಸ್ಮೀನ ತಿರುಗಿ ಅವ್ವನ ಕೈ ನೋಡಿದಳು. ಆ ಕೈ ಚಮಚ ಎತ್ತಲಿಲ್ಲ. ಕಸ್ತೂರಿಬಾಯಿ ಸ್ಟೂಲಿನಿಂದ ಎದ್ದು, ಆ ಪುಟ್ಟ ಮಕ್ಕಳಿಗೆ ಎರಡೂ ಕೈ ಮುಗಿದು ಹೇಳಿದಳು: “ಬರ್ತಾಳ್ರಿ. ನನ್ನ ಮಗಳು ನಿಮ್ಮ ಊರಿಗಿ ಬರ್ತಾಳ್ರಿ.”