ನಮಾಜಿಲ್ಲದ ರೋಜಾ

ನಾನೂ ತಸ್ಲೀಮಳೂ ಅವಳಿ ಅಕ್ಕ-ತಮ್ಮ. ಹತ್ತು ನಿಮಿಷ ಮೊದಲು ಹುಟ್ಟಿದವಳು ಅವಳು, ಹತ್ತನೇ ಕ್ಲಾಸಿನ ಮಾರ್ಕ್ಸಿನಲ್ಲೂ ಅವಳೇ ಮುಂದೆ. ಆಗ ಇಬ್ಬರೂ ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಫಸ್ಟ್ ಪಿಯುಸಿಗೆ ಹೋಗುತ್ತಿದ್ದೆವು. ಆ ವರ್ಷ ನಾನು ಮೇಲೆ ಬಂದೆ, ಅವಳು ಕೆಮಿಸ್ಟ್ರಿಯಲ್ಲಿ ಎರಡು ಸಲ ಫೇಲು. "ಎಣ್ಮಕ್ಕಳ ತಲೆ ಹತ್ತನೇ ಕ್ಲಾಸ್ ಗಂಟ ಅಷ್ಟೇಯ," ಎಂದು ಅಬ್ಬಾ ಹೇಳಿದಾಗ ನಾನೂ ಹಲ್ಲು ಕಿರಿದಿದ್ದೆ. ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅಬ್ಬಾ ಓಡಿಸುತ್ತಿದ್ದ ಗೂಡ್ಸ್ ಆಟೋ ಮಗುಚಿ, ಅವರ ಕಾಲು ಮುರಿದು ಆರು ತಿಂಗಳಾಗಿತ್ತು. ಹೈಸ್ಕೂಲಿನಲ್ಲಿ ಮಧ್ಯಾಹ್ನ ಬಿಸಿಯೂಟವಾದರೂ ಇತ್ತು, ಪಿಯುಸಿಗೆ ಅದೂ ಇಲ್ಲ. ತಸ್ಲೀಮಳಿಗೆ ಭಕ್ತಿ ಹೆಚ್ಚಿದ್ದು ಆಗಲೇ. ಮೊದಲು ಸೋಮವಾರ, ಗುರುವಾರ ರೋಜಾ ಉಪವಾಸ ಹಿಡಿದಳು. ಬರಬರುತ್ತ ವಾರದಲ್ಲಿ ನಾಲ್ಕು ದಿನ. ಅವಳ ಪಾಲಿನ ರೊಟ್ಟಿ ನನ್ನ ತಟ್ಟೆಗೆ ಬರುತ್ತಿತ್ತು. ನಾನು ತಿನ್ನುತ್ತಿದ್ದೆ. ಕಾಲೇಜಿನ ಮೆಟ್ಟಿಲು ಹತ್ತುವಾಗ ಅವಳು ಗೋಡೆ ಹಿಡಿದು ನಿಲ್ಲುತ್ತಿದ್ದಳು. ರಕ್ತ ಕಡಿಮೆಯಿದೆ ಎಂದು ಆರೋಗ್ಯ ಕ್ಯಾಂಪಿನವರು ಮಾತ್ರೆ ಕೊಟ್ಟಿದ್ದರು. ನುಂಗಿದರೆ ವಾಂತಿ ಬರುತ್ತದೆ ಎಂದು ಬಿಟ್ಟುಬಿಟ್ಟಿದ್ದಳು.

ಅಂದು ಮತ್ತೆ ಕೆಮಿಸ್ಟ್ರಿ ಪರೀಕ್ಷೆ. "ಈ ಸಲಾನೂ ಫೇಲಾದ್ರೆ ಕಾಲೇಜು ಸಾಕು, ಗಾರ್ಮೆಂಟ್ಸಿಗೆ ಓಗು," ಎಂದು ಅಬ್ಬಾ ಅವಳಿಗೆ ಖಡಾಖಂಡಿತವಾಗಿ ಹೇಳಿದ್ದರು.

ಅಮ್ಮಿ ಎರಡು ರೊಟ್ಟಿ, ಒಂದು ಮೊಟ್ಟೆ ನನ್ನ ಮುಂದಿಟ್ಟಳು.

"ತಸ್ಲೀಮ್‌ಗೆ?"

"ನಂಗೆ ರೋಜಾ ಕಣೋ," ಎಂದಳು ತಸ್ಲೀಮ್, ಪುಸ್ತಕದಿಂದ ತಲೆಯೆತ್ತದೆ.

ರೊಟ್ಟಿ ಮುರಿದೆ. ಬಾಯಿಗಿಡುವಷ್ಟರಲ್ಲಿ ಕೈ ನಿಂತಿತು. ಮೂರು ದಿನದಿಂದ ಅವಳು ನಮಾಜಿಗೆ ನಿಂತಿರಲಿಲ್ಲ. ಏಕೆಂದು ನಮ್ಮ ಮನೆಗಳಲ್ಲಿ ಯಾವ ಗಂಡಸೂ ಕೇಳುವುದಿಲ್ಲ, ಕೇಳದೆಯೇ ಗೊತ್ತಿರುತ್ತದೆ. ತಿಂಗಳ ಆ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ನಮಾಜೂ ಇಲ್ಲ, ರೋಜಾನೂ ಇಲ್ಲ.

"ಯಾವ ರೋಜಾ?" ಎಂದೆ. "ನಮಾಜೇ ಇಲ್ದಿರೋ ದಿನ ರೋಜಾ ಎಲ್ಲಿಂದ ಬಂತು?"

ಅಬ್ಬಾ ಮಂಚದಿಂದ ತಿರುಗಿ ನೋಡಿದರು. ತಸ್ಲೀಮ್ ನಾಚಿಕೊಂಡು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. ಆ ಮುಖ ಕೆಂಪೇರಲೂ ಇಲ್ಲ. ಕೆಂಪೇರಲು ರಕ್ತ ಬೇಕಲ್ಲ!

"ನಾಚ್ಕೆ ಇಲ್ವೇನ್ಲಾ?" ಅಮ್ಮಿ ಗದರಿದಳು. "ಬಾಯ್ಮುಚ್ಕೊಂಡು ತಿನ್ನು. ಗಂಡುಡ್ಗ ನೀನು, ನಾಳೆ ಮನೆ ನೋಡ್ಕೊಳ್ಳೋನು."

ರೋಜಾ ಬರೀ ನೆಪವೆಂದು ಅಮ್ಮಿಗೆ ಗೊತ್ತಿತ್ತು. ಎಷ್ಟು ದಿನದಿಂದಲೋ.

ತಟ್ಟೆಯನ್ನು ತಸ್ಲೀಮಳ ಮುಂದೆ ತಳ್ಳಿದೆ. ಅವಳು ವಾಪಸ್ ತಳ್ಳಿದಳು.

"ಬಸ್ಸು ಓಯ್ತದೆ. ತಿನ್ನೋ ಬೇಗ."

"ನೀನು ತಿನ್ನೋಗಂಟ ನಾನು ಏಳಕ್ಕಿಲ್ಲ. ಇಬ್ರೂ ಪರೀಕ್ಷೆ ಬುಡನ."

ಎಂಟು ಗಂಟೆ ದಾಟಿತು. ಎಂಟೂಕಾಲಿನ ಬಸ್ಸು ತಪ್ಪಿದರೆ ಅವಳ ಕಾಲೇಜು ಅಲ್ಲಿಗೇ ಮುಗಿದಂತೆ. ಆದರೂ ನಾನು ಏಳಲಿಲ್ಲ. ಕೊನೆಗೆ ಅವಳೇ ಅಷ್ಟನ್ನೂ ತಿಂದಳು. ಅಳುತ್ತ, ಗಬಗಬ, ನನ್ನ ಕಡೆ ನೋಡದೆ. ಇಬ್ಬರೂ ಬಸ್ಸಿಗೆ ಓಡಿದೆವು.

ಪರೀಕ್ಷೆಯಲ್ಲಿ ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಬರೆದೆ. ಆಮೇಲೆ ಅಕ್ಷರಗಳು ಅಲುಗತೊಡಗಿದವು. ಒಂದೇ ಪ್ರಶ್ನೆಯನ್ನು ಮೂರು ಸಲ ಓದಿದೆ. ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತಿತ್ತು. ಎರಡು ಪುಟ ಖಾಲಿ ಬಿಟ್ಟು ಕೊಟ್ಟೆ.

"ಎಂಗ್ ಬರ್ದೆ?" ಹೊರಗೆ ತಸ್ಲೀಮ್ ಕೇಳಿದಳು.

"ತಲೇನೇ ಓಡ್ಲಿಲ್ಲ ಕಣೆ."

"ನಿಂಗೆ ಒಂದ್ ದಿನ," ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಸಂಜೆ ಅಬ್ಬಾ ಬಾಯಿ ತೆರೆಯುವ ಮೊದಲೇ ಹೇಳಿದೆ: "ಅವಳು ಬರ್ದವ್ಳೆ. ಈ ಸಲ ಫೇಲಾಗೋನು ನಾನು. ನನ್ನೂ ಗಾರ್ಮೆಂಟ್ಸಿಗೆ ಕಳಿಸ್ತೀರಾ ಅಬ್ಬಾ?"

ಅಬ್ಬಾ ಪಟ್ಟಿ ಕಟ್ಟಿದ ಕಾಲನ್ನು ಮಂಚದ ಮೇಲೆ ಸರಿಸಿಕೊಂಡರು. "ಇಬ್ರೂ ಓಗ್ಲಿ ಕಾಲೇಜಿಗೆ," ಎಂದು ಅಮ್ಮಿಯ ಕಡೆ ತಿರುಗಿದರು. "ಬೀಬಿಜಾನ್, ಇಬ್ರುಗೂ ಒಟ್ಟಿಗೆ ಇಕ್ಕು."

ಅಮ್ಮಿ ಇದ್ದ ಅನ್ನವನ್ನು ಎರಡು ತಟ್ಟೆಗೆ ಸಮನಾಗಿ ಹಾಕಿದಳು. ನನಗೆ ಅದು ಅರೆಹೊಟ್ಟೆ. ತಸ್ಲೀಮ್ ಅರ್ಧ ತಿಂದು, ಸಾಕು, ಹೊಟ್ಟೆ ತುಂಬಿತು ಎಂದು ಎದ್ದುಬಿಟ್ಟಳು. ಈ ಸಲ ನೆಪವಲ್ಲ, ಹೊಟ್ಟೆಯೇ ಅಷ್ಟಕ್ಕೆ ಕುಗ್ಗಿತ್ತು.