ಹುಬ್ಬಿನ ಮೇಲಿನ ಮೂರು ಚುಕ್ಕೆ

ಆಸ್ಪತ್ರೆಯ ಶವಾಗಾರಕ್ಕೆ ಅಂಟಿಕೊಂಡ ಕೋಣೆಯಲ್ಲಿ ಕೂತು ಸತ್ತವರಿಗೆ ಮುಖ ಬರೆದುಕೊಡುವುದು ಅವಳ ಕೆಲಸ. ನೀರಲ್ಲಿ ತೇಲಿ ಬಂದವರು, ಬೆಂಕಿಗೆ ಸಿಕ್ಕವರು, ಗುರುತು ಹತ್ತದವರು. ಅಂಥವರ ಫೋಟೋವನ್ನು ಇದ್ದ ಹಾಗೇ ಗೇಟಿನ ಬೋರ್ಡಿಗೆ ಅಂಟಿಸಿದರೆ ನೋಡಿದವರ ಎದೆ ಒಡೆದೀತು. ಅದಕ್ಕೇ ಡಾಕ್ಟರು ಕೊಡುವ ಮೂಳೆಯ ಅಳತೆ ಇಟ್ಟುಕೊಂಡು, ಬದುಕಿದ್ದಾಗ ಹೇಗಿದ್ದಿರಬಹುದು ಎಂದು ಅವಳು ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತಿದ್ದಳು. ಎಲ್ಲರೂ ಅವಳನ್ನು ಮುಖದಕ್ಕ ಎಂದೇ ಕರೆಯುತ್ತಿದ್ದರು.

ಚರ್ಮ ಬರೆಯುವುದಕ್ಕೆ ಅವಳ ಬಳಿ ಒಂದು ಟೆಕ್ಸ್ಚರ್, ಅಂದರೆ ಚರ್ಮದ ಅಚ್ಚಿನಂಥ ಚಿತ್ರ, ಇತ್ತು. ಮಾವನ ಕೆನ್ನೆಯನ್ನು ತೀರಾ ಹತ್ತಿರದಿಂದ ಫೋಟೋ ತೆಗೆದು ತಾನೇ ಮಾಡಿಕೊಂಡದ್ದು. ಕಂಪ್ಯೂಟರಿನ ಬ್ರಷ್ಷಿಗೆ ಅದನ್ನು ಜೋಡಿಸಿದರೆ ಎಳೆದಲ್ಲೆಲ್ಲ ಬಣ್ಣದ ಜೊತೆಗೆ ಚರ್ಮದ ಗೆರೆ, ತರಿ, ಸಣ್ಣ ಗುಳಿಗಳೂ ಮೂಡುತ್ತಿದ್ದವು. "ನನ್ನ ಮೋರೇನ ಕಂಡೋರಿಗೆಲ್ಲ ಹಂಚ್ತಿದ್ದೀಯಲ್ಲಮ್ಮ, ನಂಗೆ ಸ್ವಲ್ಪ ಉಳ್ಸು" ಎಂದು ಮಾವ ಊಟದ ಹೊತ್ತಿನಲ್ಲಿ ನಗಾಡುತ್ತಿದ್ದರು.

ಆ ಟೆಕ್ಸ್ಚರ್ ಒಂದೇ ಕಡೆಗೆ ಮುಖ ಮಾಡಿ ನಿಲ್ಲಬಾರದು. ಅದನ್ನು ತಿರುಗಿಸುವುದಕ್ಕೆಂದೇ ಬ್ರಷ್ಷಿನಲ್ಲಿ ಒಂದು ಆಯ್ಕೆ ಇದೆ. ಹಾಕಿಕೊಂಡರೆ ಕೈ ಹೋದ ಕಡೆಗೆ ಅದೂ ತಿರುಗುತ್ತದೆ, ಒಂದೊಂದು ಎಳೆತಕ್ಕೂ ಒಂದೊಂದು ಕೋನ. ಹಾಕದಿದ್ದರೆ ಸೀಲು ಒತ್ತಿದ ಹಾಗೆ ಅದೇ ಗುಳಿ, ಅದೇ ಗೆರೆ, ಅದೇ ಓರೆಯಲ್ಲಿ ಮತ್ತೆ ಮತ್ತೆ ಬೀಳುತ್ತದೆ. ಆದರೆ ಹಾಕಿಕೊಂಡರೆ ಅವಳ ಹಳೇ ಕಂಪ್ಯೂಟರು ಏದುಸಿರು ಬಿಡುತ್ತಿತ್ತು.

ಕಾಲುವೆಯಲ್ಲಿ ಸಿಕ್ಕ ಗಂಡಸಿನ ಮುಖ ಬರೆಯುವಾಗ ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. "ಪೇಪರಿನೋರು ಕಾಯ್ತಿದ್ದಾರಮ್ಮ. ಇನ್ನೂ ಎಷ್ಟು ತಿದ್ತೀಯ?" ಅವಳು ತಿರುಗಿಸುವ ಆಯ್ಕೆಯನ್ನು ತೆಗೆದುಹಾಕಿ, ಹಣೆ, ಗದ್ದ, ಕತ್ತು ಎಲ್ಲವನ್ನೂ ಸರಸರನೆ ಮುಗಿಸಿ ಕೊಟ್ಟುಬಿಟ್ಟಳು.

ಚಿತ್ರ ಪೇಪರಿನಲ್ಲಿ ಬಂದ ಬೆಳಗ್ಗೆಯೇ ಒಬ್ಬ ಹೆಂಗಸು ಬಂದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಜೊತೆಗೆ ವ್ಯಾನು ಓಡಿಸುವ ಕಿರಿಮಗ. ದೊಡ್ಡ ಮಗ ಮಾತಿಗೆ ಮಾತು ಬೆಳೆದು ಮನೆ ಬಿಟ್ಟು ಹೋಗಿ ವರ್ಷಗಳೇ ಆಗಿದ್ದವು.

"ಇವನೇ," ಎಂದಳು ಹೆಂಗಸು, ಪೇಪರಿನ ಮೇಲೆ ಬೆರಳಿಟ್ಟು. "ಹುಬ್ಬಿನ ಮೇಲೆ ಮೂರು ಚುಕ್ಕೆ ನೋಡಿ. ಚಿಕ್ಕೋನಿದ್ದಾಗ ಮೈಯೆಲ್ಲ ಗುಳ್ಳೆ ಎದ್ದಿತ್ತು. ಕೆರ್ಕೋಬೇಡ ಕಣೋ ಅಂದ್ರೂ ಕೇಳ್ಲಿಲ್ಲ."

ಎತ್ತರ ಸರಿಹೋಯಿತು, ವಯಸ್ಸೂ ಸರಿಹೋಯಿತು. ಡಾಕ್ಟರು ಉಸಿರುಬಿಟ್ಟರು. ಹೆಂಗಸು ಅಳಲಿಲ್ಲ. ಹೊತ್ತ ಮೂಟೆ ಇಳಿಸಿದವಳ ಹಾಗೆ ಬೆಂಚಿನ ಮೇಲೆ ಕುಸಿದು, "ಅಂತೂ ಸಿಕ್ಕಿದ್ಯಲ್ಲಪ್ಪಾ," ಎಂದಳು.

ಮುಖದಕ್ಕ ಮಾತ್ರ ಪೇಪರನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಆ ಹೆಣಕ್ಕೆ ಹಣೆಯ ಚರ್ಮವೇ ಉಳಿದಿರಲಿಲ್ಲ. ಹಾಗಿದ್ದಮೇಲೆ ಚುಕ್ಕೆ ಎಲ್ಲಿಂದ ಬಂತು? ಹೋಗಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಹುಬ್ಬಿನ ಮೇಲೆ ಮೂರು ಚುಕ್ಕೆ. ಗದ್ದದ ನೆರಳಿನಲ್ಲಿ ಅದೇ ಮೂರು. ಕಿವಿಯ ಕೆಳಗೆ, ಅದೇ ಓರೆಯಲ್ಲಿ, ಮತ್ತೆ ಅದೇ ಮೂರು. ಮಾವನ ಕೆನ್ನೆಯ ಗುಳಿಗಳು. ಅವಳು ಡಾಕ್ಟರನ್ನು ಒಳಗೆ ಕರೆದು ತೋರಿಸಿದಳು.

"ಆಯಮ್ಮನಿಗೆ ಒಂದು ಸಮಾಧಾನ ಆಗಿದೆ," ಎಂದರು ಡಾಕ್ಟರು, ಮೆಲ್ಲಗೆ. "ಕೆದಕಲೇಬೇಕಾ?"

"ಸರ್, ಒಳಗೆ ಮಲಗಿರೋನಿಗೂ ಒಬ್ಬ ತಾಯಿ ಇರ್ತಾಳಲ್ಲ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ನೀನೇ ಹೇಳಮ್ಮ. ನನ್ನ ಕೈಲಾಗಲ್ಲ."

ಅವಳು ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತಡವರಿಸುತ್ತಾ ಎಲ್ಲವನ್ನೂ ಹೇಳಿದಳು. ಚುಕ್ಕೆ ಸತ್ತವನದಲ್ಲ, ನನ್ನ ಬ್ರಷ್ಷಿನದು ಎಂದಳು. ಕಿರಿಮಗ ಎದ್ದು ನಿಂತ. "ಹಂಗಾದ್ರೆ ಅಣ್ಣ ಬದುಕಿರಬಹುದು! ಅಮ್ಮಾ, ಕೇಳಿಸ್ತಾ?"

ತಾಯಿ ಅವನ ಕಡೆ ತಿರುಗಲಿಲ್ಲ. "ನೀನು ಸುಮ್ನೆ ಬರೆದದ್ದು ಸರಿಯಾಗಿ ಅವನ ಹುಬ್ಬಿನ ಮೇಲೇ ಬಂದು ಕೂತ್ಕೊಳ್ತಾ?"

"ಹೌದಮ್ಮಾ. ತಪ್ಪಾಯ್ತು."

"ಬಾಗಿಲು ಸದ್ದಾದ್ರೆ ಎದ್ದು ಕೂತ್ಕೋತೀನಿ, ಮಗಳೇ. ಬೀದೀಲಿ ಯಾರಾದ್ರೂ ಕೆಮ್ಮಿದ್ರೆ ಓಡ್ತೀನಿ. ಇವತ್ತು ಮುಗೀತು ಅಂದ್ಕೊಂಡಿದ್ದೆ." ಅವಳ ದನಿ ಇಳಿಯಿತು. "ಇವನನ್ನ ಕೇಳ್ಕೊಂಡು ಯಾರೂ ಬಂದಿಲ್ಲ ತಾನೇ? ನಂಗೇ ಕೊಟ್ಬಿಡು. ನಾನೇ ಮಣ್ಣು ಮಾಡ್ತೀನಿ."

ಕೊಡುವ ಹಾಗಿರಲಿಲ್ಲ. ಅವಳ ರಕ್ತ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿದರು. ಅವನು ಇವಳ ಮಗನಲ್ಲ ಎಂದು ಬಂತು. ಅದನ್ನು ಕೇಳಿ ಹೆಂಗಸು ಮುಖದಕ್ಕನನ್ನು ದಿಟ್ಟಿಸಿದಳು. "ನಿನ್ನ ಕೈಗೆ ಹುಳ ಬೀಳ," ಎಂದು ಹೇಳಿ, ಕಿರಿಮಗನ ತೋಳು ಹಿಡಿದು ಮೆಟ್ಟಿಲಿಳಿದಳು.

ಆಮೇಲೆ ಮುಖದಕ್ಕ ಆ ಮುಖವನ್ನು ಮೊದಲಿನಿಂದ ಬರೆದಳು. ಎಷ್ಟು ತಡವಾದರೂ ಸರಿ ಎಂದು ಪ್ರತಿ ಎಳೆತಕ್ಕೂ ಟೆಕ್ಸ್ಚರನ್ನು ತಿರುಗಿಸಿದಳು. ಈ ಸಲದ್ದು ಯಾರೋ ಒಬ್ಬನ ಸ್ವಂತ ಮುಖದ ಹಾಗಿತ್ತು. ಗೇಟಿನ ಬೋರ್ಡಿಗೆ ಹಚ್ಚಿದರು. ಜನ ನಿಂತರು, ನೋಡಿದರು, ಹೋದರು. ಅವನನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಕೊನೆಗೆ ಶವಾಗಾರದ ಆಳುಗಳೇ ಅವನನ್ನು ಹೂತು ಬಂದರು. ಮನೆಯಲ್ಲಿ ಅವಳು ಊಟಕ್ಕೆ ಮಾವನ ಎದುರು ಕೂರುವುದನ್ನು ಬಿಟ್ಟಳು. ಅವರು ಕಾರಣ ಕೇಳಲಿಲ್ಲ, ನಗಾಡುವುದನ್ನೂ ನಿಲ್ಲಿಸಿದರು.

ಒಂದು ಮಧ್ಯಾಹ್ನ ಕಿರಿಮಗ ವ್ಯಾನು ನಿಲ್ಲಿಸಿ ಒಳಗೆ ಬಂದ.

"ಅಕ್ಕಾ, ಆ ಮೊದಲನೇ ಚಿತ್ರ ಒಂದು ದೊಡ್ಡದಾಗಿ ಬೇಕಿತ್ತು. ಅಮ್ಮ ಪೇಪರಿಂದ ಕತ್ತರಿಸಿ ಇಸ್ತ್ರಿ ಮೇಜಿನ ಮೇಲೆ ಹಚ್ಕೊಂಡಿದ್ದಾಳೆ. ಹಬೆಗೆ ಅದು ಅಳಿಸಿಹೋಗ್ತಿದೆ."

"ಅದು ನಿಮ್ಮಣ್ಣ ಅಲ್ಲಪ್ಪ."

"ನಂಗೊತ್ತಿಲ್ವಾ?"

ಯಾರದೋ ಮುಖವನ್ನು ಕೊಡಲು ಅವಳಿಗೆ ಮನಸ್ಸು ಬರಲಿಲ್ಲ. ಅಣ್ಣನ ಹಳೇ ಫೋಟೋ ತಂದುಕೊಟ್ಟರೆ, ಈಗ ಹೇಗಿರಬಹುದೋ ಹಾಗೆ ಬರೆದುಕೊಡುತ್ತೇನೆ ಎಂದಳು. ಅವನು ತಂದುಕೊಟ್ಟ. ಹುಡುಗನ ದುಂಡು ಕೆನ್ನೆಯನ್ನು ಇಳಿಸಿದಳು, ದವಡೆ ಗಟ್ಟಿ ಮಾಡಿದಳು, ಕಣ್ಣಿನ ಕೆಳಗೆ ಸಂಸಾರವಂದಿಗನ ದಣಿವು ಇಟ್ಟಳು. ಅಷ್ಟು ಜತನದಿಂದ ಅವಳು ಯಾವ ಮುಖವನ್ನೂ ಬರೆದಿರಲಿಲ್ಲ. ಕಿರಿಮಗ ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ಅತ್ತುಬಿಟ್ಟ.

ಮಾರನೆಯ ದಿನ ವಾಪಸು ತಂದ.

"ಇದು ಅವನಲ್ಲವಂತೆ."

"ಸರಿಯಾಗಿ ನೋಡಿದ್ರಾ?"

"ನೋಡಿದ್ಲು. ಯಾವನೋ ಇವನು, ನನ್ನ ಮಗ ಸತ್ತು ಹೋದ ಅಂದ್ಲು." ಅವನು ಚಿತ್ರವನ್ನು ಮಗುಚಿ ಮೇಜಿನ ಮೇಲಿಟ್ಟ. "ಈಗ ಅವಳು ಹೊಟ್ಟೆ ತುಂಬ ಉಣ್ತಾಳೆ ಅಕ್ಕಾ. ಕಣ್ತುಂಬ ನಿದ್ದೆ ಮಾಡ್ತಾಳೆ. ನಾಳೆ ಅಣ್ಣ ನಿಜವಾಗ್ಲೂ ಬಂದು ಬಾಗಿಲು ತಟ್ಟಿದ್ರೆ ತೆಗೀತಾಳೋ ಇಲ್ವೋ, ನಂಗೆ ಅದೇ ಭಯ."

ವ್ಯಾನು ಗೇಟು ದಾಟಿ ಹೋಯಿತು. ಪಕ್ಕದ ಕೋಣೆಯಿಂದ ಡಾಕ್ಟರು ಅಳತೆ ಹೇಳತೊಡಗಿದ್ದರು, ಹೊಸಬರೊಬ್ಬರು ಬಂದಿದ್ದರು. ಅವಳು ಬರೆದುಕೊಳ್ಳಲು ಪೆನ್ನು ಹುಡುಕಿದಳು.