ಕೈ ನೋಡಿ ಕುಣಿಯುವ ಟಿವಿ

ನನ್ನ ಕ್ಷೌರದಂಗಡಿಯ ಹಳೇ ಟಿವಿ ಹಚ್ಚಿದರೆ, ಚಿತ್ರ ಬರುವಷ್ಟರಲ್ಲಿ ಒಂದು ತಲೆ ಮುಗಿದು ಇನ್ನೊಂದು ತಲೆಗೆ ನೀರು ಬಿದ್ದಿರುತ್ತಿತ್ತು. ಎದುರುಗಡೆ ಕ್ಷೌರದಂಗಡಿಯ ಬೋಳ, ತನ್ನ ತಲೆಯಲ್ಲಿ ಒಂದೆಳೆ ಇಲ್ಲದಿದ್ದರೂ ಊರ ಕೂದಲೆಲ್ಲ ತನ್ನದೇ ಎನ್ನುವವನು, ಗೋಡೆಗಂಟುವ ತೆಳು ಟಿವಿ ತಂದ ದಿನವೇ ನನ್ನ ಬೆಂಚು ಮುಕ್ಕಾಲು ಖಾಲಿಯಾಯಿತು. ಭಾನುವಾರ ಫುಟ್‌ಬಾಲ್ ಫೈನಲ್. ಅಷ್ಟರೊಳಗೆ ನಾನೂ ಒಂದು ತರದಿದ್ದರೆ ಉಳಿದ ನಾಲ್ಕು ತಲೆಗಳೂ ರಸ್ತೆ ದಾಟುವುದು ಗ್ಯಾರಂಟಿ.

ಶನಿವಾರ ಭಾವಮೈದನ ಜೊತೆ ಹೊರಟೆ. ಬಾಗಿಲಲ್ಲೇ ಹೆಂಡತಿ ತಡೆದಳು.

"ರೀ, ಅಲ್ಲೆಲ್ಲಾ ಬರೀ ಗಾಜು. ನಿಮ್ಮ ಕೈ ಸುಮ್ನಿರಲ್ಲ. ಹಿಂದೆ ಕಟ್ಕೊಂಡೇ ನಿಂತ್ಕೊಳ್ಳಿ."

ಸುಳ್ಳಲ್ಲ. ಇಪ್ಪತ್ತಾರು ವರ್ಷ ಕತ್ತರಿ ಹಿಡಿದ ಕೈ. ಒಂದು ಸಲ ಕೂದಲು ಕತ್ತರಿಸಿದರೆ ಮೂರು ಸಲ ಗಾಳಿ ಕತ್ತರಿಸುತ್ತದೆ.

ಟಿವಿ ಅಂಗಡಿಯಲ್ಲಿ ಗೋಡೆ ಕಾಣುತ್ತಿರಲಿಲ್ಲ, ಬರೀ ಟಿವಿ. ಒಂದರಲ್ಲಿ ತಿಮಿಂಗಿಲ ಈಜುತ್ತಿತ್ತು. ಅದರ ಬಾಲದ ನೀರು ನನ್ನ ಅಂಗಿಗೆ ಸಿಡಿಯಿತು. ನಂಬದಿದ್ದರೆ ಬಿಡಿ, ಒರೆಸಿಕೊಂಡವನು ನಾನು.

"ಇದು ಮಾತು ಕೇಳುತ್ತೆ ಸಾರ್," ಎಂದ ಮಾರುವವನು.

"ಯಾರ ಮಾತು?"

"ಯಾರ್ದಾದ್ರೂ."

ಭಾವಮೈದ ಕೆಮ್ಮಿದ. ಟಿವಿ ಹವಾಮಾನ ತೋರಿಸಿತು. "ತಪ್ಪಾಯ್ತಪ್ಪಾ," ಎಂದ. ಅಡುಗೆ ತೋರಿಸಿತು. ನನ್ನ ಅಂಗಡಿಯಲ್ಲಿ ಆರು ಜನ ಒಟ್ಟಿಗೇ ಮಾತಾಡುತ್ತಾರೆ, ಏಳನೆಯವನು ನಾನು. ಪಾಪ, ಅದಕ್ಕೆ ಹುಚ್ಚು ಹಿಡಿದೀತು.

ಎರಡನೆಯದು ಬೆರಳಿಂದ ಮುಟ್ಟಿದರೆ ಕೇಳುವಂಥದು.

"ಬೇಡ ಭಾವ," ಎಂದ ಭಾವಮೈದ. "ನಿಮ್ಮ ಕೈಲಿ ಸದಾ ನೊರೆ, ಕೂದಲು. ಮಧ್ಯಾಹ್ನದೊಳಗೆ ಟಿವಿಗೇ ಗಡ್ಡ ಬರುತ್ತೆ."

ಮೂರನೆಯದಕ್ಕೆ ನೆತ್ತಿಯ ಮೇಲೊಂದು ಕಣ್ಣು. ಮಾರುವವನು ದೂರ ನಿಂತು ಕೈಯಾಡಿಸಿದ, ಚಾನಲ್ ಬದಲಾಯಿತು. ಮುಷ್ಟಿ ಹಿಡಿದ, ಸದ್ದು ನಿಂತಿತು.

"ಅಂದ್ರೆ ನಾವು ಅದನ್ನ ನೋಡೋದೋ, ಅದು ನಮ್ಮನ್ನ ನೋಡೋದೋ?"

"ಎರಡೂ ಸಾರ್. ನೀವೂ ಒಂದ್ಸಲ ಮಾಡ್ನೋಡಿ."

"ಅಯ್ಯೋ, ನೀನೇ ಮಾಡಪ್ಪ."

ನನ್ನ ಕೈ ಹಿಂದೆ ಇತ್ತಲ್ಲ! ಕೇಳುವುದು, ಮುಟ್ಟುವುದು, ನೋಡುವುದು ಎಲ್ಲ ತಲೆಯಲ್ಲಿ ಕಲಸುಮೇಲೋಗರ ಆಗಿತ್ತು. ಕೈ ಒದ್ದೆಯಾದರೂ ಪರವಾಗಿಲ್ಲ ಎಂದು ಮಾರುವವನು ಹೇಳಿದ್ದಕ್ಕೆ ಮೂರನೆಯದನ್ನೇ ಹೊರಿಸಿಕೊಂಡು ಬಂದೆವು.

ಭಾನುವಾರ ಬೆಂಚು ತುಂಬಿ, ಜನ ಬಾಗಿಲಿಗೆ ಜೋತುಬಿದ್ದಿದ್ದರು. ಕುರ್ಚಿಯಲ್ಲಿ ಲೆಕ್ಕದ ಮೇಷ್ಟ್ರು. ಎಡಗಡೆ ಮೊದಲೇ ಮುಗಿಸಿದ್ದೆ. ಪಂದ್ಯ ಶುರುವಾಯಿತು. ಬಲಗಡೆಗೆ ಬಂದು ಕಚಕಚ ಎಂದೆ. ಚೆಂಡು ಹೋಗಿ ತಿಮಿಂಗಿಲ ಬಂತು. ಕಚಕಚ. ಯಾರೋ ಹಿಟ್ಟು ನಾದುತ್ತಿದ್ದರು.

"ಯಾರ್ರೀ ಅದು ರಿಮೋಟ್ ಒತ್ತೋದು?"

ಎಲ್ಲರೂ ಎಲ್ಲರ ಕೈ ನೋಡಿದರು. ನಾನೂ ಕತ್ತರಿ ಆಡಿಸುತ್ತಲೇ ನೋಡಿದೆ. ವಾರ್ತೆ ಬಂತು.

ಕನ್ನಡಿಯಲ್ಲಿ ಮೇಷ್ಟ್ರ ಕಣ್ಣು ನನ್ನ ಕೈಗೆ ಬಿತ್ತು. "ಲೋ, ನಿನ್ನ ಕತ್ತರಿ ಕಣೋ!"

ಭಾವಮೈದ ಟಿವಿಯ ಕಣ್ಣಿಗೆ ಟವೆಲ್ ಹೊದಿಸಿದ. ಅದು ಮುನಿಸಿಕೊಂಡು ಕಪ್ಪಾಯಿತು. ಜೊತೆಗೆ ಬಂದ ಪುಸ್ತಕ ಹನ್ನೆರಡು ಭಾಷೆಯಲ್ಲಿತ್ತು, ಓದಲು ನನಗೆ ಒಂದೂ ಬಾರದು.

"ಟವೆಲ್ ತೆಗಿ! ನೀನು ಕೈ ಕಟ್ಟು!" ಎಂದು ಬೆಂಚು ಕೂಗಿತು.

"ಮೇಷ್ಟ್ರೇ, ಬಲಗಡೆ ಹಂಗೇ ಇದೆ..."

"ಇರ್ಲಿ ಬಿಡೋ, ಓಡಿ ಹೋಗಲ್ಲ."

ಭಾವಮೈದ ಟವೆಲ್ ತೆಗೆದು, ಕೈಯಾಡಿಸಿ ಪಂದ್ಯ ವಾಪಸ್ ತಂದ. ಹೀಗೆ ಹೆಂಡತಿ ಹೇಳಿದಂತೆಯೇ ಕೈ ಹಿಂದೆ ಕಟ್ಟಿಕೊಂಡು ನಿಂತೆ. ಅರ್ಧ ಆಟ ಆಗುವಾಗ ಬೋಳನೂ ರಸ್ತೆ ದಾಟಿ ಬಂದ.

"ನನ್ನಂಗಡೀಲಿ ಒಬ್ರೂ ಇಲ್ಲ. ಎಲ್ಲಾ ಇಲ್ಲೇ ಇದಾರೆ. ಮತ್ತೆ ನೀನ್ಯಾಕೆ ಸುಮ್ನೆ ನಿಂತಿದೀಯಾ?"

"ಗಿರಾಕಿ ಜಾಸ್ತಿ ಆದ್ರು ನೋಡು, ಅದಕ್ಕೆ."

ಅವನಿಗೆ ಅರ್ಥವಾಗಲಿಲ್ಲ. ನನಗೂ ಅಷ್ಟೇ.

ಪಂದ್ಯ ಮುಗಿದು ಜನ ಎದ್ದರು. "ಈಗಾದ್ರೂ ಮುಗಿಸಪ್ಪ," ಎಂದು ಮೇಷ್ಟ್ರು ಕತ್ತು ಬಗ್ಗಿಸಿದರು. ಕತ್ತರಿ ಎತ್ತಿ ಒಂದೇ ಒಂದು ಸಲ ಗಾಳಿ ಕತ್ತರಿಸಿದೆ. ಬೇರೊಂದು ಚಾನಲ್ಲಿನಲ್ಲಿ ಅದೇ ಪಂದ್ಯ ಮೊದಲಿಂದ ಶುರುವಾಗುತ್ತಿತ್ತು.

ಹೊರಟವರೆಲ್ಲ ದಬದಬನೆ ಕೂತರು. ಬೋಳ ನನ್ನ ಎರಡನೇ ಕುರ್ಚಿಯನ್ನೇ ಹಿಡಿದ.

"ಕೈ ಕಟ್ಟು!" ಎಂದರು ಮೇಷ್ಟ್ರೇ.